ಮೂರನೇ ಗಂಟೆ ಬಾರಿಸುವವರು

ಹೈಸ್ಕೂಲಿನಲ್ಲಿ ಓದುವ ಮಗಳು "ನಾನು ಡಾಕ್ಟರ್ ಆಗ್ತೀನಿ" ಎಂದರೆ ಮನೆಯಲ್ಲಿ ಸಂತೋಷ. "ಇಂಜಿನಿಯರ್ ಆಗ್ತೀನಿ" ಎಂದರೆ ನೆಮ್ಮದಿ. "ನಾಟಕದಲ್ಲಿ ಪಾರ್ಟು ಮಾಡ್ತೀನಿ" ಎಂದರೂ ಈಗ ಯಾರೂ ಅಷ್ಟೊಂದು ಗಾಬರಿಯಾಗುವುದಿಲ್ಲ. ಟಿ.ವಿ., ಸಿನಿಮಾ ಎಂದು ಏನೋ ಒಂದು ದಾರಿ ಕಾಣುತ್ತದೆ. ಆದರೆ "ನಾನು ಸ್ಟೇಜ್ ಮ್ಯಾನೇಜರ್ ಆಗಬೇಕು" ಎಂದರೆ? ಅಜ್ಜಿಗೆ ಮಾತೇ ಅರ್ಥವಾಗುವುದಿಲ್ಲ. ಅಪ್ಪನಿಗೆ ಅದೊಂದು ಉದ್ಯೋಗ ಎಂದೇ ಅನ್ನಿಸುವುದಿಲ್ಲ. "ಕುರ್ಚಿ ಎತ್ತಿಡೋದಕ್ಕೆ ಇಷ್ಟು ಓದಬೇಕಾ?" ಎಂದು ಅಮ್ಮ ಕೇಳುತ್ತಾಳೆ.

ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದುಗಳ ಕನ್ನಡ ಸಂಘಗಳಲ್ಲಿ ಬೆಳೆದ ಮಕ್ಕಳಿಗೆ ರಂಗದ ಹಿಂದಿನ ಲೋಕ ಹೊಸದಲ್ಲ. ರಾಜ್ಯೋತ್ಸವ, ಯುಗಾದಿ, ವಾರ್ಷಿಕೋತ್ಸವ ಎಂದು ವರ್ಷಕ್ಕೆ ಎರಡು ಮೂರು ಸಲ ಅಮ್ಮಂದಿರ ತಾಲೀಮು ನೋಡುತ್ತಲೇ ಅವರು ದೊಡ್ಡವರಾಗುತ್ತಾರೆ. ಕೆಲವರಿಗೆ ವೇದಿಕೆಯ ಮೇಲೆ ನಿಲ್ಲುವ ಆಸೆ. ಇನ್ನು ಕೆಲವರಿಗೆ, ಮುಖ್ಯವಾಗಿ ಪಟ್ಟಿ ಬರೆಯುವ, ಜೋಡಿಸಿಡುವ, ಎಲ್ಲರಿಗೂ ನೆನಪು ಮಾಡುವ ಸ್ವಭಾವದ ಮಕ್ಕಳಿಗೆ, ಪರದೆಯ ಪಕ್ಕದಲ್ಲಿ ನಿಲ್ಲುವುದೇ ಇಷ್ಟ. ಅಂಥ ಹದಿನೈದರ ಹುಡುಗಿಯೊಬ್ಬಳು ಇದನ್ನೇ ಜೀವನದ ಕೆಲಸ ಮಾಡಿಕೊಳ್ಳುತ್ತೇನೆ ಎಂದರೆ, ಅವಳಿಗೂ ಅವಳ ಮನೆಯವರಿಗೂ ನಾವು ಏನು ಹೇಳಬೇಕು? ಇದು ಹೊಸದಾಗಿ ಹೊರದೇಶದಿಂದ ಬಂದ ಕೆಲಸವೋ, ನಮ್ಮಲ್ಲೂ ಇತ್ತೋ? ಹೆಣ್ಣುಮಕ್ಕಳು ಇದನ್ನು ಮಾಡಿದ್ದಾರೆಯೋ? ಉತ್ತರಕ್ಕೆ ನಮ್ಮ ರಂಗಭೂಮಿಯ ಇತಿಹಾಸವನ್ನೇ ಸ್ವಲ್ಪ ಹಿಂದಿನಿಂದ, ಅಂದರೆ ನೇಪಥ್ಯದ ಕಡೆಯಿಂದ, ನೋಡಬೇಕಾಗುತ್ತದೆ.

ಕೆಲಸ ಏನು?

ತಾಲೀಮು ಶುರುವಾದ ಮೊದಲ ದಿನದಿಂದ ನಿರ್ದೇಶಕರ ಪಕ್ಕದಲ್ಲಿ ಒಂದು ಪುಸ್ತಕ ಹಿಡಿದು ಕೂರುವವರು ರಂಗ ನಿರ್ವಾಹಕರು. ಆ ಪುಸ್ತಕದಲ್ಲಿ ನಾಟಕದ ಒಂದು ಪುಟ, ಅದರ ಎದುರಿಗೆ ಒಂದು ಖಾಲಿ ಪುಟ. ಯಾವ ಮಾತಿಗೆ ಯಾರು ಎಡದಿಂದ ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವ ಮಾತು ಮುಗಿದ ಕೂಡಲೇ ದೀಪ ಆರಬೇಕು, ಯಾವಾಗ ಗುಡುಗಿನ ಸದ್ದು ಬರಬೇಕು, ಎಲ್ಲವನ್ನೂ ಖಾಲಿ ಪುಟದಲ್ಲಿ ಬರೆದುಕೊಳ್ಳಬೇಕು. ಅದೂ ಪೆನ್ಸಿಲ್ಲಿನಲ್ಲಿ, ಏಕೆಂದರೆ ನಾಳೆ ನಿರ್ದೇಶಕರು ಬದಲಾಯಿಸುತ್ತಾರೆ. ಯಾರು ಎಷ್ಟು ಹೊತ್ತಿಗೆ ತಾಲೀಮಿಗೆ ಬರಬೇಕು ಎಂದು ತಿಳಿಸುವುದು, ನೆಲದ ಮೇಲೆ ಟೇಪು ಅಂಟಿಸಿ ಬಾಗಿಲು, ಕಟ್ಟೆ, ಮೆಟ್ಟಿಲುಗಳ ಜಾಗ ಗುರುತಿಸುವುದು, ರಂಗಪರಿಕರಗಳ ಪಟ್ಟಿ ಮಾಡುವುದು, ಮಾತು ಮರೆತವರಿಗೆ ಎತ್ತಿಕೊಡುವುದು, ಇವೂ ಅವರದೇ ಕೆಲಸ.

ಪ್ರದರ್ಶನದ ದಿನ ನಿರ್ದೇಶಕರ ಕೆಲಸ ಮುಗಿದಿರುತ್ತದೆ. ಅಂದು ನಾಟಕ ರಂಗ ನಿರ್ವಾಹಕರ ಕೈಯಲ್ಲಿರುತ್ತದೆ. ಬೆಳಕಿನವರು, ಧ್ವನಿಯವರು, ಪರದೆಯವರು ಎಲ್ಲರೂ ಅವರ ಮಾತಿಗಾಗಿ ಕಾಯುತ್ತಾರೆ. ಮೊದಲು ಎಚ್ಚರಿಕೆ ಕೊಡುತ್ತಾರೆ, ಆಮೇಲೆ ಸರಿಯಾದ ಕ್ಷಣಕ್ಕೆ "ಗೋ" ಎನ್ನುತ್ತಾರೆ. ಆ ಮಾತು ಬಾರದೆ ಯಾರೂ ಗುಂಡಿ ಒತ್ತುವಂತಿಲ್ಲ. ನಾಟಕ ಮುಗಿದ ಮೇಲೆ ಎಷ್ಟು ಹೊತ್ತಿಗೆ ಶುರುವಾಯಿತು, ಎಲ್ಲಿ ತಡವಾಯಿತು, ಯಾವ ಸೀರೆಯ ಅಂಚು ಹರಿಯಿತು, ಯಾರ ಕಾಲಿಗೆ ಪೆಟ್ಟಾಯಿತು ಎಂದು ಒಂದು ವರದಿ ಬರೆಯುತ್ತಾರೆ. ಮರುದಿನದ ಆಟ ಸರಿಯಾಗುವುದು ಆ ವರದಿಯಿಂದ.

ದಾರ ಹಿಡಿದವನು

ಈ ಕೆಲಸದ ಹೆಸರು ಇಂಗ್ಲಿಷಿನಿಂದ ಬಂದಿರಬಹುದು. ಕೆಲಸ ಮಾತ್ರ ನಮಗೆ ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರದ ಎರಡನೇ ಅಧ್ಯಾಯದಲ್ಲಿ ನಾಟಕದ ಮನೆ ಕಟ್ಟುವ ಕ್ರಮವಿದೆ. ಮಧ್ಯಮ ಅಳತೆಯ ಆಯತಾಕಾರದ ಮಂದಿರಕ್ಕೆ 64 ಮೊಳ ಉದ್ದ, 32 ಮೊಳ ಅಗಲ. ಅದರಲ್ಲಿ ಅರ್ಧ ಭಾಗ ಪ್ರೇಕ್ಷಕರಿಗೆ. ಉಳಿದ ಅರ್ಧದಲ್ಲಿ ಮುಂದೆ ರಂಗ, ಹಿಂದೆ ನೇಪಥ್ಯಗೃಹ. ವಿದ್ವಾಂಸರು ಹಾಕಿರುವ ಲೆಕ್ಕದಂತೆ ಇಡೀ ಮಂದಿರದ ಕಾಲು ಭಾಗ ನೇಪಥ್ಯಕ್ಕೇ ಮೀಸಲು. ನಮ್ಮ ಇಂದಿನ ಎಷ್ಟೋ ಸಭಾಂಗಣಗಳಲ್ಲಿ ಹತ್ತು ಜನ ಹೆಂಗಸರು ಸೀರೆ ಬದಲಾಯಿಸಲು ಒಂದು ಸಣ್ಣ ಕೋಣೆ ಸಿಕ್ಕರೆ ಹೆಚ್ಚು ಎನ್ನುವ ಸ್ಥಿತಿ ನೆನೆದರೆ, ಆ ಕಾಲದವರಿಗೆ ಹಿಂದಿನ ಕೆಲಸದ ಬೆಲೆ ಎಷ್ಟು ಗೊತ್ತಿತ್ತು ಎಂದು ತಿಳಿಯುತ್ತದೆ.

ಆ ಮಂದಿರದ ನೆಲವನ್ನು ದಾರ ಹಿಡಿದು ಅಳೆಯಬೇಕು, ದಾರ ಗಟ್ಟಿಯಾಗಿರಬೇಕು, ಅಳೆಯುವಾಗ ತುಂಡಾದರೆ ಅಪಶಕುನ ಎಂದು ಅದೇ ಅಧ್ಯಾಯ ಹೇಳುತ್ತದೆ. ನಾಟಕ ನಡೆಸುವವನಿಗೆ ಸೂತ್ರಧಾರ ಎಂಬ ಹೆಸರು ಈ ಅಳತೆಯ ದಾರದಿಂದಲೇ ಬಂದಿರಬೇಕು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಇನ್ನು ಕೆಲವರು ಗೊಂಬೆಯಾಟದ ದಾರವನ್ನು ನೆನೆಯುತ್ತಾರೆ. ಯಾವುದೇ ಇರಲಿ, ರಂಗದ ಪೂಜೆ ನಡೆಸಿ, ವಾದ್ಯದವರನ್ನು ಕೂರಿಸಿ, ನಾಟಕವನ್ನು ಪರಿಚಯಿಸಿ, ಪಾತ್ರಗಳನ್ನು ಒಳಗೆ ಬಿಡುವವನು ಸೂತ್ರಧಾರ. ಅವನಿಗೆ ಪಾರಿಪಾರ್ಶ್ವಿಕ ಎಂಬ ಸಹಾಯಕನೂ ಇದ್ದ. ಇಂದಿನ ಸಹಾಯಕ ರಂಗ ನಿರ್ವಾಹಕನ ಪೂರ್ವಜ ಎಂದು ಅವನನ್ನು ಕರೆದರೆ ತಪ್ಪಾಗಲಾರದು.

ನಮ್ಮ ಯಕ್ಷಗಾನದಲ್ಲಿ ಈ ಜವಾಬ್ದಾರಿ ಭಾಗವತರದು. ಭಾಗವತರನ್ನು 'ಮೊದಲನೆಯ ವೇಷ' ಎಂದು ಕರೆಯುವ ರೂಢಿ ಇದೆ, ಅವರು ಯಾವ ವೇಷವನ್ನೂ ಹಾಕದಿದ್ದರೂ. ಯಾವ ಪದ್ಯ ಎಷ್ಟು ಹೊತ್ತು, ಯಾವ ಕುಣಿತವನ್ನು ಬೆಳೆಸಬೇಕು, ಯಾವುದನ್ನು ಮೊಟಕು ಮಾಡಬೇಕು, ಬೆಳಗಾಗುವುದರೊಳಗೆ ಪ್ರಸಂಗ ಹೇಗೆ ಮುಗಿಸಬೇಕು ಎಂಬ ಲೆಕ್ಕ ಅವರ ತಲೆಯಲ್ಲೇ ಇರುತ್ತದೆ. ಹಿಂದೆ ಚೌಕಿಯಲ್ಲಿ ಗಣಪತಿ ಪೂಜೆ. ಯಾವ ವೇಷದವರು ಎಲ್ಲಿ ಕೂತು ಬಣ್ಣ ಹಚ್ಚಬೇಕು ಎಂಬುದಕ್ಕೂ ಅಲ್ಲಿ ಕಟ್ಟುಪಾಡು. ಒಡ್ಡೋಲಗಕ್ಕೆ ತೆರೆ ಹಿಡಿಯಲು ಇಬ್ಬರು. ಪ್ರೇಕ್ಷಕರಿಗೆ ಕಾಣುವುದು ರಂಗಸ್ಥಳ, ಆಟ ಸಿದ್ಧವಾಗುವುದು ಚೌಕಿಯಲ್ಲಿ.

ಕರ್ಕಿಯಿಂದ ಮುಂಬಯಿಗೆ

ಮಹಾರಾಷ್ಟ್ರದಲ್ಲಿ ಬಾಳುವ ಕನ್ನಡಿಗರು ನೆನಪಿಡಬೇಕಾದ ಒಂದು ಸಂಗತಿ ಇಲ್ಲಿದೆ. ಪ್ರತಿ ವರ್ಷ ನವೆಂಬರ್ 1ರಂದು ನಾವು ರಾಜ್ಯೋತ್ಸವ ಆಚರಿಸುತ್ತೇವೆ. ನಾಲ್ಕೇ ದಿನ ಕಳೆದರೆ, ನವೆಂಬರ್ 5ರಂದು, ಮರಾಠಿಗರು ತಮ್ಮ ರಂಗಭೂಮಿ ದಿನ ಆಚರಿಸುತ್ತಾರೆ. 1843ರಲ್ಲಿ ಆ ದಿನ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ಅವರು 'ಸೀತಾ ಸ್ವಯಂವರ'ವನ್ನು ಆಡಿಸಿದರು. ಅದಕ್ಕೆ ಪ್ರೇರಣೆ ಬಂದದ್ದು ನಮ್ಮ ಉತ್ತರ ಕನ್ನಡದಿಂದ. ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತ ಮೇಳ ಅದರ ಹಿಂದಿನ ವರ್ಷ ಸಾಂಗ್ಲಿಗೆ ಬಂದು ಆಟ ಆಡಿತ್ತು. ಅದನ್ನು ನೋಡಿದ ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನರು ಅಂಥದ್ದನ್ನೇ ಮರಾಠಿಯಲ್ಲಿ ಮಾಡು ಎಂದು ಭಾವೆಯವರಿಗೆ ಹೇಳಿದರು. ಭಾವೆಯವರ ನಾಟಕದಲ್ಲಿ ಸೂತ್ರಧಾರ ಕೊನೆಯವರೆಗೂ ರಂಗದ ಮೇಲೆಯೇ ಇದ್ದು ಪದ ಹಾಡಿ ಕತೆ ನಡೆಸುತ್ತಿದ್ದ, ನಟರು ಮಾತನ್ನು ಆಶುವಾಗಿ ಹೇಳುತ್ತಿದ್ದರು. ಅಂದರೆ ಕರ್ಕಿಯ ಮೇಳದಿಂದ ಸಾಂಗ್ಲಿಗೆ ಹೋದದ್ದರಲ್ಲಿ ಕುಣಿತ, ವೇಷಗಳ ಜೊತೆಗೆ ಆಟ ನಡೆಸುವ ಕ್ರಮವೂ ಇತ್ತು. 1853ರಲ್ಲಿ ಭಾವೆಯವರ ಮಂಡಳಿ ಮುಂಬಯಿಗೂ ಬಂತು.

ಆಮೇಲೆ ಗಾಳಿ ತಿರುಗಿತು. ಮುಂಬಯಿಯ ಪಾರ್ಸಿ ನಾಟಕಗಳು ಚಿತ್ರ ಬರೆದ ಪರದೆ, ಚೌಕಟ್ಟಿನ ರಂಗ, ಬೆರಗು ಹುಟ್ಟಿಸುವ ಯಂತ್ರ ತಂತ್ರಗಳನ್ನು ಊರೂರಿಗೆ ಒಯ್ದವು. ಮರಾಠಿ ಸಂಗೀತ ನಾಟಕಗಳು ಉತ್ತರ ಕರ್ನಾಟಕವನ್ನು ತುಂಬಿದವು. ಕನ್ನಡ ಊರುಗಳಲ್ಲಿ ಕನ್ನಡ ನಾಟಕವೇ ಇಲ್ಲವಲ್ಲ ಎಂಬ ಕೊರಗಿನಿಂದ 1870ರ ದಶಕದಲ್ಲಿ ಶಾಂತಕವಿಗಳು ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿದರು. ದಕ್ಷಿಣದಲ್ಲಿ 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು.

ಕಂಪನಿಯೇ ಶಾಲೆ

ಕಂಪನಿ ನಾಟಕ ಎಂದರೆ ಚಲಿಸುವ ಒಂದು ಊರು. ಮಾಲೀಕರು, ಮ್ಯಾನೇಜರು, ನಾಟಕ ಕಲಿಸುವ ಮಾಸ್ತರು, ಹಾರ್ಮೋನಿಯಂ ಮಾಸ್ತರು, ಪರದೆ ಬರೆಯುವವರು, ಪರದೆ ಎಳೆಯುವವರು, ಬಡಗಿಗಳು, ಲೈಟಿನವರು, ಪ್ರಾಂಪ್ಟರು, ಅಡುಗೆಯವರು, ಗೇಟು ಕಾಯುವವರು. ಒಂದೂರಿನಲ್ಲಿ ಕ್ಯಾಂಪು ಹಾಕಿದರೆ ತಿಂಗಳುಗಟ್ಟಲೆ ಆಟ. ಮುಗಿದ ಮೇಲೆ ಇಡೀ ಊರನ್ನು ಕಳಚಿ, ಕಟ್ಟಿ, ಸಾಗಿಸಿ, ಇನ್ನೊಂದು ಕಡೆ ಮತ್ತೆ ಎಬ್ಬಿಸಬೇಕು.

ಆ ನಾಟಕಗಳ ಕಟ್ಟಡದಲ್ಲೇ ರಂಗ ನಿರ್ವಹಣೆಯ ಬುದ್ಧಿ ಅಡಗಿತ್ತು. ಮುಂದೆ ಬೀದಿಯ ಪರದೆ ಬಿಟ್ಟು ಹಾಸ್ಯದ ಸೀನು ನಡೆಯುತ್ತಿರುತ್ತದೆ, ಜನ ನಗುತ್ತಿರುತ್ತಾರೆ. ಅದೇ ಹೊತ್ತಿಗೆ ಹಿಂದೆ ಸದ್ದಿಲ್ಲದೆ ದರ್ಬಾರಿನ ಸಿಂಹಾಸನ ಬಂದು ಕೂರುತ್ತದೆ. ಬೀದಿ ಪರದೆ ಮೇಲೆ ಹೋದರೆ ರಾಜಸಭೆ ಸಿದ್ಧ. ಹಾಸ್ಯ ಎಷ್ಟು ಹೊತ್ತು ಎಳೆಯಬೇಕು ಎಂಬುದು ಹಿಂದಿನವರ ಕೆಲಸ ಮುಗಿಯಿತೇ ಇಲ್ಲವೇ ಎಂಬುದರ ಮೇಲೆ ನಿಂತಿತ್ತು. ಮುಂದಿನವರಿಗೂ ಹಿಂದಿನವರಿಗೂ ನಡುವೆ ಸಂಕೇತ ಕೊಡುವ ಒಬ್ಬರು ಬೇಕೇ ಬೇಕಿತ್ತು. ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿ ಬೆಳೆದ ಗುಬ್ಬಿ ವೀರಣ್ಣನವರು 1917ರಲ್ಲಿ ಅದರ ಮಾಲೀಕರಾದರು. 1930ರ ದಶಕದ ಅವರ 'ಕುರುಕ್ಷೇತ್ರ' ನಾಟಕದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಆನೆಯನ್ನು ನೋಡಿ ಚಪ್ಪಾಳೆ ತಟ್ಟಿದವರು ಸಾವಿರಾರು. ಆ ಆನೆಯನ್ನು ಸರಿಯಾದ ಹೊತ್ತಿಗೆ, ಬೆದರದಂತೆ, ಸರಿಯಾದ ಬದಿಯಿಂದ ಒಳಗೆ ತಂದವರ ಹೆಸರನ್ನು ನಾವು ಯಾರೂ ಕೇಳಿಲ್ಲ.

ಕಂಪನಿಗಳು ಮಕ್ಕಳನ್ನು ತಯಾರು ಮಾಡಿದ್ದೂ ಹೀಗೆಯೇ. ಬಂಟ್ವಾಳ ತಾಲೂಕಿನ ಮಂಚಿಯ ಹುಡುಗ ಬಿ. ವಿ. ಕಾರಂತರು ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದಾಗ ಅವರಿನ್ನೂ ಸಣ್ಣವರು. ಮುಂದೆ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. 1977ರಲ್ಲಿ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಇಂದಿನ ಹೈಸ್ಕೂಲು ವಯಸ್ಸಿನಲ್ಲಿ ನಾಟಕದ ಹಿಂದು ಮುಂದು ಎರಡನ್ನೂ ನೋಡಿ ಕಲಿಯುವುದು ನಮ್ಮಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು ಎಂಬುದಕ್ಕೆ ಇದು ಸಾಕ್ಷಿ. ಮನೆ ಬಿಟ್ಟು ಓಡಿಹೋಗದೆ, ಶಾಲೆ ಬಿಡದೆ ಅದೇ ಕಲಿಕೆ ಸಿಗುವಂತೆ ಮಾಡುವುದು ಈ ಕಾಲದ ನಮ್ಮ ಕೆಲಸ.

ಹೆಣ್ಣುಮಕ್ಕಳ ದಾರಿ

ಒಂದು ಕಾಲದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಆಮೇಲೆ ನಟಿಯರು ಬಂದರು. ನಿಂದೆ, ಅನುಮಾನ, ಕಷ್ಟ ಎಲ್ಲವನ್ನೂ ನುಂಗಿಕೊಂಡು ರಂಗದ ಮೇಲೆ ನಿಂತರು. ಆದರೆ ಪರದೆಯ ಹಗ್ಗ, ಲೈಟಿನ ಸ್ವಿಚ್ಚು, ಕ್ಯಾಂಪಿನ ಲೆಕ್ಕ ಬಹುಕಾಲ ಗಂಡಸರ ಕೈಯಲ್ಲೇ ಉಳಿಯಿತು. ಹೆಂಗಸರು ಹಿಂದೆ ಕೆಲಸ ಮಾಡಲಿಲ್ಲ ಎಂದಲ್ಲ. ಬಟ್ಟೆ ಹೊಲಿದರು, ಜಡೆ ಹೆಣೆದರು, ಮಕ್ಕಳನ್ನು ನೋಡಿಕೊಂಡರು. ಅದನ್ನು ಯಾರೂ ರಂಗ ನಿರ್ವಹಣೆ ಎಂದು ಕರೆಯಲಿಲ್ಲ, ಅಷ್ಟೇ.

ಈ ಗೋಡೆಯನ್ನು ಒಡೆದವರಲ್ಲಿ ಆರ್. ನಾಗರತ್ನಮ್ಮನವರ ಹೆಸರನ್ನು ಮೊದಲು ಹೇಳಬೇಕು. 1958ರಲ್ಲಿ ಅವರು ಬೆಂಗಳೂರಿನಲ್ಲಿ 'ಸ್ತ್ರೀ ನಾಟಕ ಮಂಡಳಿ' ಕಟ್ಟಿದರು. ಕಂಸ, ರಾವಣ, ಭೀಮ, ದುರ್ಯೋಧನ, ಎಲ್ಲ ಪಾತ್ರಗಳೂ ಹೆಂಗಸರವೇ. ಗದೆ ಹಿಡಿದ ನಾಗರತ್ನಮ್ಮನವರನ್ನು ಜನ ನೆನೆಯುತ್ತಾರೆ. ಹೆಂಗಸರದೇ ಒಂದು ಕಂಪನಿಯನ್ನು ಕಟ್ಟಿ, ಊರೂರು ಸುತ್ತಿಸಿ, ವರ್ಷಗಟ್ಟಲೆ ನಡೆಸಿದ್ದು ಆ ಗದೆಗಿಂತ ಭಾರವಾದ ಕೆಲಸ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು.

ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ಕಂಪನಿಯಲ್ಲಿ ಪುಟ್ಟ ಮಗುವಾಗಿದ್ದಾಗಲೇ ರಂಗವೇರಿದವರು. ಆಮೇಲೆ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, 'ಸ್ಪಂದನ' ತಂಡದಲ್ಲಿ ನಾಟಕಗಳನ್ನು ನಿರ್ದೇಶಿಸಿದರು. ಕಂಪನಿಯ ಅನುಭವ, ಶಾಲೆಯ ಶಿಸ್ತು ಎರಡೂ ಒಬ್ಬ ಹೆಣ್ಣುಮಗಳಲ್ಲಿ ಕೂಡಿದ್ದು ಹೀಗೆ. ಅದೇ ಶಾಲೆಯಲ್ಲಿ ಕಲಿತ ಪ್ರೇಮಾ ಕಾರಂತರು ವಸ್ತ್ರವಿನ್ಯಾಸವನ್ನು ಗಂಭೀರ ಕಲೆಯಾಗಿ ಕನ್ನಡ ರಂಗಭೂಮಿಗೆ ತಂದುಕೊಟ್ಟರು. 'ಬೆನಕ ಮಕ್ಕಳ ಕೇಂದ್ರ'ದ ಮೂಲಕ ಮಕ್ಕಳ ನಾಟಕ ಬೆಳೆಸಿದರು. ಹೊಲಿಗೆಯನ್ನು ಮನೆಗೆಲಸವೆಂದು ಕಾಣುತ್ತಿದ್ದವರು ಅದರ ಹಿಂದೆ ಓದು, ಕಾಲದ ತಿಳಿವಳಿಕೆ, ಲೆಕ್ಕಾಚಾರ ಇದೆ ಎಂದು ಒಪ್ಪಬೇಕಾಯಿತು.

ಹೊರದೇಶದಲ್ಲೂ ಈ ಕೆಲಸ ಮೊದಲಿನಿಂದ ಇಂದಿನ ರೂಪದಲ್ಲಿರಲಿಲ್ಲ. ಷೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿ ನಾಟಕದ ಪ್ರತಿಯನ್ನು ಕಾಪಾಡುವ ಒಬ್ಬರಿದ್ದರು. ಯಾವ ದೃಶ್ಯಕ್ಕೆ ಯಾರು, ಯಾವ ವಸ್ತುವಿನ ಜೊತೆ ಎಂದು ಬರೆದ ಒಂದು ಹಾಳೆಯನ್ನು ಹಲಗೆಗೆ ಅಂಟಿಸಿ ಹಿಂದಿನ ಕೋಣೆಯ ಗೂಟಕ್ಕೆ ನೇತುಹಾಕುತ್ತಿದ್ದರು. ಅಂಥ ಕೆಲವು ಹಾಳೆಗಳು ಇಂದಿಗೂ ಉಳಿದಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಸ್ಟೇಜ್ ಮ್ಯಾನೇಜರ್ ಎಂದರೆ ನಾಟಕವನ್ನು ಕೂಡಿಸುವವನೂ ಅವನೇ, ನಡೆಸುವವನೂ ಅವನೇ. ನಿರ್ದೇಶಕ ಎಂಬ ಬೇರೆ ವ್ಯಕ್ತಿ ಬಂದ ಮೇಲೆ ಈ ಎರಡು ಕೆಲಸಗಳು ಬೇರೆಯಾದವು. ಅಲ್ಲೂ ಹೆಂಗಸರಿಗೆ ಬಾಗಿಲು ತಡವಾಗಿ ತೆರೆಯಿತು. 1957ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಪ್ರದರ್ಶನ ಕಂಡ 'ವೆಸ್ಟ್ ಸೈಡ್ ಸ್ಟೋರಿ'ಯ ಸ್ಟೇಜ್ ಮ್ಯಾನೇಜರ್ ರೂತ್ ಮಿಚೆಲ್ ಎಂಬ ಮಹಿಳೆ. ಮುಂದೆ ಅವರು ಹೆಸರಾಂತ ನಿರ್ಮಾಪಕ ಹೆರಾಲ್ಡ್ ಪ್ರಿನ್ಸ್ ಅವರ ಜೊತೆ ನಿರ್ಮಾಣದ ಹೊಣೆಯನ್ನೂ ಹೊತ್ತರು.

ಹೊಸ ರಂಗಭೂಮಿ, ಹೊಸ ಶಿಸ್ತು

1959ರಲ್ಲಿ ರಾಷ್ಟ್ರೀಯ ನಾಟಕ ಶಾಲೆ ಆರಂಭವಾಯಿತು. 1962ರಿಂದ ಅದನ್ನು ನಡೆಸಿದ ಇಬ್ರಾಹಿಂ ಅಲ್ಕಾಜಿ ಅವರು ಶಿಸ್ತಿಗೆ ಹೆಸರಾದವರು. ನಟನಾಗಲು ಬಂದವನೂ ಬಡಗಿ ಕೆಲಸ, ಬೆಳಕು, ವೇಷಭೂಷಣ ಕಲಿಯಲೇಬೇಕಿತ್ತು. 1970ರ ದಶಕದಲ್ಲಿ ಅವರು ಗಿರೀಶ ಕಾರ್ನಾಡರ 'ತುಘಲಕ್' ನಾಟಕವನ್ನು ದೆಹಲಿಯ ಪುರಾನಾ ಕಿಲಾದ ಕೋಟೆಯಲ್ಲೇ ಆಡಿಸಿದರು. ಕನ್ನಡದಲ್ಲಿ ಹುಟ್ಟಿದ ನಾಟಕ ಬಯಲಿನಲ್ಲಿ, ಹಳೆಯ ಕಲ್ಲುಗೋಡೆಗಳ ನಡುವೆ, ಅಷ್ಟು ದೊಡ್ಡ ತಂಡದೊಂದಿಗೆ ನಡೆಯಬೇಕಾದರೆ ಹಿಂದೆ ಎಷ್ಟು ಜನರ ಕೈ ಒಂದೇ ತಾಳದಲ್ಲಿ ಓಡಬೇಕು ಎಂದು ಊಹಿಸಬಹುದು.

ಕನ್ನಡದಲ್ಲಿ ಈ ಶಿಸ್ತು ಹಳ್ಳಿಯಲ್ಲೂ ಬೇರು ಬಿಟ್ಟಿತು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಮ್, ಕೆ. ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಲ್ಲಿ ತಿರುಗಾಟ ಹೊರಟಿತು. ತಿರುಗಾಟದಲ್ಲಿ ನಟರೇ ಸೆಟ್ಟು ಇಳಿಸುತ್ತಾರೆ, ದೀಪ ಕಟ್ಟುತ್ತಾರೆ, ಆಟ ಆಡುತ್ತಾರೆ, ರಾತ್ರಿ ಮತ್ತೆ ಎಲ್ಲ ಕಟ್ಟಿ ಮುಂದಿನ ಊರಿಗೆ ಹೊರಡುತ್ತಾರೆ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಬಂತು. ಅದೇ ರಂಗಾಯಣ 2010ರಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ರಾತ್ರಿಯಿಡೀ ನಡೆಯುವ ನಾಟಕವಾಗಿ ಕಟ್ಟಿತು. ಸುಮಾರು ಒಂಬತ್ತು ಗಂಟೆ, ನಾಲ್ಕು ರಂಗಸ್ಥಳ. ಪ್ರೇಕ್ಷಕರೇ ಒಂದರಿಂದ ಇನ್ನೊಂದಕ್ಕೆ ಎದ್ದು ಹೋಗಬೇಕು. ಒಂದು ಕಡೆ ದೃಶ್ಯ ಮುಗಿಯುವ ಹೊತ್ತಿಗೆ ಇನ್ನೊಂದು ಕಡೆ ದೀಪ ಹತ್ತಬೇಕು. ಇದು ಹಿಂದೆ ನಿಂತು ಗಡಿಯಾರ ನೋಡುವವರಿಲ್ಲದೆ ಸಾಧ್ಯವಾಗುವ ಮಾತಲ್ಲ.

ಗಡಿಯಾರದ ಮಾತು ಬಂದಾಗ ಇಬ್ಬರು ಹೆಣ್ಣುಮಕ್ಕಳನ್ನು ನೆನೆಯಬೇಕು. 1978ರಲ್ಲಿ ಮುಂಬಯಿಯ ಜುಹುವಿನಲ್ಲಿ ಪೃಥ್ವಿ ಥಿಯೇಟರ್ ತೆರೆದಾಗ ಅದನ್ನು ಕಟ್ಟಿ ಬೆಳೆಸಿದವರು ಜೆನ್ನಿಫರ್ ಕಪೂರ್. 2004ರಲ್ಲಿ ಬೆಂಗಳೂರಿನ ಜೆ. ಪಿ. ನಗರದಲ್ಲಿ ರಂಗ ಶಂಕರ ತೆರೆದವರು ಅರುಂಧತಿ ನಾಗ್. ಶಂಕರ್ ನಾಗ್ ಮತ್ತು ಅರುಂಧತಿ ಇಬ್ಬರೂ ಮುಂಬಯಿ ರಂಗಭೂಮಿಯಲ್ಲಿ ಬೆಳೆದವರು ಎಂಬುದು ನಮಗೆಲ್ಲ ಹೆಮ್ಮೆ. ಈ ಎರಡೂ ಕಡೆ ಒಂದು ನಿಯಮ ಕಟ್ಟುನಿಟ್ಟು: ಮೂರನೇ ಗಂಟೆ ಹೊಡೆದ ಮೇಲೆ ಬಾಗಿಲು ಮುಚ್ಚುತ್ತದೆ, ತಡವಾಗಿ ಬಂದವರು ಯಾರೇ ಆಗಿರಲಿ ಒಳಗೆ ಬಿಡುವುದಿಲ್ಲ. ಮುಖ್ಯ ಅತಿಥಿಗಳಿಗಾಗಿ ಒಂದೂವರೆ ಗಂಟೆ ಕಾಯುವ ನಮ್ಮ ಸಂಘಗಳ ಸಂಪ್ರದಾಯಕ್ಕೆ ಇದು ಸ್ವಲ್ಪ ಕಹಿ ಎನಿಸಬಹುದು. ಆದರೆ ಬಣ್ಣ ಹಚ್ಚಿಕೊಂಡು ಬೆವರುತ್ತ ಕಾಯುವ ಮಕ್ಕಳ ಮತ್ತು ಹೆಂಗಸರ ಬಗೆಗಿನ ಗೌರವವೂ ಆ ನಿಯಮದಲ್ಲಿದೆ.

ಗಂಟೆ ಹೊಡೆಯುವುದಕ್ಕಿಂತ ದೊಡ್ಡ ಜವಾಬ್ದಾರಿ ಇನ್ನೊಂದಿದೆ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಶಾಮಿಯಾನಕ್ಕೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಲ್ಲೂ ಮಕ್ಕಳೇ ಹೆಚ್ಚು. ವಾರ್ಷಿಕೋತ್ಸವ ನಾವೂ ಮಾಡುತ್ತೇವೆ, ಶಾಮಿಯಾನ ನಾವೂ ಹಾಕುತ್ತೇವೆ. ಹೊರಗೆ ಹೋಗುವ ಬಾಗಿಲು ಎಷ್ಟು, ಅವುಗಳ ಮುಂದೆ ಕುರ್ಚಿ ಇಟ್ಟಿದ್ದಾರೆಯೇ, ವೈರು ಎಲ್ಲಿ ಬಿಸಿಯಾಗುತ್ತಿದೆ, ಬೆಂಕಿ ಆರಿಸುವ ಉಪಕರಣ ಎಲ್ಲಿದೆ, ಕತ್ತಲಾದಾಗ ನೃತ್ಯದ ಮಕ್ಕಳು ಮೆಟ್ಟಿಲು ಹೇಗೆ ಇಳಿಯುತ್ತಾರೆ, ಇದನ್ನೆಲ್ಲ ನೋಡುವ ಹಕ್ಕಿರುವ, "ಇದು ಸರಿಯಾಗುವವರೆಗೆ ಪರದೆ ಏಳುವುದಿಲ್ಲ" ಎಂದು ಹೇಳುವ ಧೈರ್ಯವಿರುವ ಒಬ್ಬರು ಪ್ರತಿ ಕಾರ್ಯಕ್ರಮಕ್ಕೂ ಬೇಕು. ಅವರೇ ರಂಗ ನಿರ್ವಾಹಕರು. ಕುರ್ಚಿ ಎತ್ತಿಡುವ ಕೆಲಸ ಎಂದು ಕೇಳಿದ ಅಮ್ಮನಿಗೆ ಇದು ಉತ್ತರ.

ಹೈಸ್ಕೂಲಿನಿಂದ ಮುಂದೆ

ಈ ಕನಸು ಕಾಣುವ ಹುಡುಗಿ ಹತ್ತನೇ ತರಗತಿಯಾದ ಮೇಲೆ ಯಾವ ವಿಷಯವನ್ನಾದರೂ ಓದಬಹುದು. ವಿಜ್ಞಾನ ಓದಿದರೆ ವಿದ್ಯುತ್ತು, ಧ್ವನಿ ಅರ್ಥವಾಗುತ್ತದೆ. ವಾಣಿಜ್ಯ ಓದಿದರೆ ಖರ್ಚಿನ ಪಟ್ಟಿ ಕೈಗೆ ಹತ್ತುತ್ತದೆ. ಕಲಾ ವಿಭಾಗ ಓದಿದರೆ ನಾಟಕ ಆಳವಾಗಿ ತಿಳಿಯುತ್ತದೆ. ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷಗಳ ಶಿಕ್ಷಣಕ್ಕೆ ಪದವಿಯೂ ನಾಟಕಗಳಲ್ಲಿ ದುಡಿದ ಅನುಭವವೂ ಬೇಕು. ಆ ಅನುಭವಕ್ಕೆ ಅಡಿಪಾಯ ಈಗಿನಿಂದಲೇ ಹಾಕಬಹುದು. ಹೆಗ್ಗೋಡಿನ ನೀನಾಸಮ್ ಮತ್ತು ಮೈಸೂರಿನ ರಂಗಾಯಣದಲ್ಲಿ ಕನ್ನಡದಲ್ಲೇ ಕಲಿಯುವ ಅವಕಾಶವಿದೆ. ಮುಂಬಯಿ, ಪುಣೆ ಮತ್ತು ಹೈದರಾಬಾದು ವಿಶ್ವವಿದ್ಯಾಲಯಗಳಲ್ಲಿ ರಂಗಕಲೆಯ ವಿಭಾಗಗಳಿವೆ.

ಸಂಪಾದನೆಯ ಮಾತನ್ನೂ ಮುಚ್ಚಿಡುವುದು ಬೇಡ. ಬರಿ ಹವ್ಯಾಸಿ ನಾಟಕದಿಂದ ಮನೆ ನಡೆಯುವುದು ಕಷ್ಟ, ತಿಂಗಳ ಸಂಬಳದ ಭರವಸೆಯೂ ಕಡಿಮೆ. ಆದರೆ ಈ ಕೌಶಲ ನಾಟಕಕ್ಕೆ ಮಾತ್ರ ಸೀಮಿತವಲ್ಲ. ನೃತ್ಯ, ಸಂಗೀತ ಕಛೇರಿ, ಸಾಹಿತ್ಯ ಉತ್ಸವ, ಕಂಪನಿಗಳ ಸಮಾರಂಭ ಎಲ್ಲಕ್ಕೂ ಇದು ಬೇಕು. 2016ರಲ್ಲಿ ಮುಂಬಯಿಯ ಎನ್‌ಸಿಪಿಎಯಲ್ಲಿ ಫಿರೋಜ್ ಅಬ್ಬಾಸ್ ಖಾನರ 'ಮುಘಲ್-ಎ-ಆಜಮ್' ಸಂಗೀತ ನಾಟಕ ಬಂತು. 2023ರಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿ ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರದ 2000 ಆಸನಗಳ ದೊಡ್ಡ ರಂಗಮಂದಿರ ತೆರೆಯಿತು. ಇಷ್ಟು ದೊಡ್ಡ ಪ್ರದರ್ಶನಗಳು ಇಲ್ಲೇ ನಡೆಯುವಾಗ ಪರದೆಯ ಹಿಂದೆ ನುರಿತ ಜನ ಬೇಕೇ ಬೇಕು.

ಹೆತ್ತವರ ನಿಜವಾದ ಚಿಂತೆ ಬೇರೆ: ತಡರಾತ್ರಿಯ ಕೆಲಸ, ಒಬ್ಬಳೇ ಮನೆಗೆ ಬರುವುದು, ಗಂಡಸರೇ ತುಂಬಿದ ಜಾಗ, ಶೌಚಾಲಯದ ಕೊರತೆ. ಇದು ಸುಮ್ಮನೆ ತಳ್ಳಿಹಾಕುವ ಚಿಂತೆಯಲ್ಲ. ಆದರೆ ಇದಕ್ಕೆ ಮಗಳನ್ನು ತಡೆಯುವುದು ಪರಿಹಾರವಾಗಲಾರದು. ನರ್ಸುಗಳು, ಪತ್ರಕರ್ತೆಯರು ಕೂಡ ರಾತ್ರಿ ದುಡಿಯುತ್ತಾರೆ. ಅಲ್ಲಿ ನಾವು ವಾಹನ ಕೇಳುತ್ತೇವೆ, ಸುರಕ್ಷೆ ಕೇಳುತ್ತೇವೆ. ಇಲ್ಲೂ ಅದನ್ನೇ ಕೇಳಬೇಕು. ನೇಪಥ್ಯದಲ್ಲಿ ನಾಲ್ಕು ಹೆಣ್ಣುಮಕ್ಕಳು ಅಧಿಕಾರದಿಂದ ನಿಂತರೆ ಆ ಜಾಗವೇ ಬದಲಾಗುತ್ತದೆ.

ಸಂಘಗಳು ಮಾಡಬಹುದಾದದ್ದು

ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿತು. ಅಂದಿನಿಂದ ಹೊರನಾಡಿನ ಎಷ್ಟೋ ಸಂಘಗಳು ಕನ್ನಡ ನಾಟಕಕ್ಕೆ ವೇದಿಕೆಯಾಗಿವೆ. ಈ ದೀರ್ಘ ಇತಿಹಾಸದಲ್ಲಿ ನಟರ, ನಿರ್ದೇಶಕರ, ಅಧ್ಯಕ್ಷರ ಹೆಸರು ಎಲ್ಲ ಸ್ಮರಣ ಸಂಚಿಕೆಗಳಲ್ಲೂ ಸಿಗುತ್ತವೆ. ರಂಗದ ಹಿಂದೆ ನಿಂತವರನ್ನು "ಸಹಕರಿಸಿದ ಎಲ್ಲರಿಗೂ" ಎಂಬ ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ಮಹಿಳಾ ವಿಭಾಗಗಳ ಕಾರ್ಯಕ್ರಮಗಳಲ್ಲಿ ಹಾಗೆ ಮರೆಯಾದವರಲ್ಲಿ ಹೆಂಗಸರೇ ಹೆಚ್ಚು.

ಮುಂದಿನ ರಾಜ್ಯೋತ್ಸವಕ್ಕೆ ನಾವು ಮೂರು ಸಣ್ಣ ಕೆಲಸ ಮಾಡಬಹುದು. ಒಂದು, ಪ್ರತಿ ಕಾರ್ಯಕ್ರಮಕ್ಕೂ ಒಬ್ಬರನ್ನು ರಂಗ ನಿರ್ವಾಹಕಿ ಎಂದು ಮೊದಲೇ ಹೆಸರಿಸಿ, ಅವರ ಮಾತನ್ನು ಅಧ್ಯಕ್ಷರೂ ಕೇಳಬೇಕು ಎಂದು ನಿಯಮ ಮಾಡುವುದು. ಎರಡು, ಹೈಸ್ಕೂಲು ಮತ್ತು ಪಿಯುಸಿ ಓದುವ ಮಕ್ಕಳಲ್ಲಿ ಆಸಕ್ತಿ ಇರುವವರನ್ನು ಅವರ ಸಹಾಯಕರಾಗಿ ಸೇರಿಸಿಕೊಳ್ಳುವುದು. ಒಂದು ಪುಸ್ತಕ, ಒಂದು ಪೆನ್ಸಿಲ್, ಒಂದು ಟಾರ್ಚು, ಒಂದು ಗಡಿಯಾರ ಕೊಟ್ಟರೆ ಸಾಕು. ಮೂರು, ಆಮಂತ್ರಣ ಪತ್ರಿಕೆಯಲ್ಲಿ ನಿರ್ದೇಶಕಿಯ ಹೆಸರಿನ ಕೆಳಗೆಯೇ ಅವರೆಲ್ಲರ ಹೆಸರನ್ನು ಅಚ್ಚು ಹಾಕುವುದು.

ನಾಳೆ ನಾಟಕ ಶಾಲೆಯಲ್ಲೋ ದೊಡ್ಡ ತಂಡದಲ್ಲೋ "ನಿಮ್ಮ ಅನುಭವ ಏನು?" ಎಂದು ಕೇಳಿದಾಗ ಆ ಹುಡುಗಿ ತೋರಿಸುವ ಮೊದಲ ಕಾಗದ ನಮ್ಮ ಸಂಘದ ಆಮಂತ್ರಣ ಪತ್ರಿಕೆ ಆಗಬಹುದು. ಸೂತ್ರಧಾರನಿಂದ ಭಾಗವತರಿಗೆ, ಭಾಗವತರಿಂದ ಕಂಪನಿಯ ಮಾಸ್ತರರಿಗೆ, ಅಲ್ಲಿಂದ ನಾಗರತ್ನಮ್ಮ, ಜಯಶ್ರೀ, ಪ್ರೇಮಾ ಕಾರಂತರಂಥವರಿಗೆ ಬಂದ ದಾರ ಅದು. ಅದರ ತುದಿಯನ್ನು ಹಿಡಿಯಲು ಒಂದು ಮಗು ಕೈ ಚಾಚಿದರೆ, ಕೊಡುವುದಕ್ಕೆ ನಾವು ತಡ ಮಾಡಬಾರದು.